ಗರ್ಭಕೋಶ ಜಾರಿದಾಗ: ಮೈಯ ನಿಲುವು, ಸ್ನಾಯುವಿನ ಬಲ



ದತ್ತಿ ಉಪನ್ಯಾಸವೆಂದರೆ ವಚನ, ತತ್ವಪದ, ಇಲ್ಲವೇ ಸುರಪುರ ಸಂಸ್ಥಾನದ ಇತಿಹಾಸ ಎಂದುಕೊಂಡು ಬಂದವರು ಇಲ್ಲಿ ಕೆಲವರಾದರೂ ಇರಬೇಕು. ಆಮಂತ್ರಣ ಪತ್ರಿಕೆಯಲ್ಲಿ ‘ಮಹಿಳೆ ಮತ್ತು ಆರೋಗ್ಯ’ ಎಂದು ಅಚ್ಚಾಗಿದೆ. ಹಾಗೆ ಮೆತ್ತಗೆ ಹೇಳಿದರೆ ಯಾರಿಗೂ ಮುಜುಗರವಿಲ್ಲ. ನಾನು ಮಾತಾಡಲಿರುವುದು ಗರ್ಭಕೋಶ ಜಾರುವುದರ ಬಗ್ಗೆ. ಗಂಡಸರು ಎದ್ದು ಹೋಗಬೇಡಿ. ಮನೆಯಲ್ಲಿ ತುಂಬಿದ ಕೊಡ ಯಾರು ಎತ್ತಬೇಕು ಎಂಬ ಪ್ರಶ್ನೆ ಮುಂದೆ ಬರಲಿದೆ.

ಈ ಬೇನೆಯನ್ನು ನಮ್ಮ ಹೆಣ್ಣುಮಕ್ಕಳು ನೇರವಾಗಿ ಹೇಳುವುದಿಲ್ಲ. ‘ನಡಾ ಭಾಳ ನೋಯ್ತದರೀ’ ಎಂದು ಶುರುಮಾಡುತ್ತಾರೆ. ಆಮೇಲೆ ಬಿಳಿ ಹೋಗುವುದರ ಮಾತು. ಡಾಕ್ಟರಮ್ಮ ಕೈ ತೊಳೆದುಕೊಂಡು ಮುಂದಿನವರನ್ನು ಕರೆಯುವ ಹೊತ್ತಿಗೆ, ಬಾಗಿಲ ಬಳಿ ನಿಂತು, ದನಿ ಇಳಿಸಿ, ‘ಕುಂತರ ಕೆಳಗ ಏನೋ ಬಂದಂಗ ಆಗ್ತದ’ ಎನ್ನುತ್ತಾರೆ. ಬೆಳಿಗ್ಗೆ ಎದ್ದಾಗ ಅಷ್ಟೇನಿಲ್ಲ, ಹೊತ್ತು ಇಳಿಯುತ್ತಾ ಹೋದಂತೆ ಭಾರ ಹೆಚ್ಚು. ಕೆಮ್ಮಿದರೆ ಎರಡು ಹನಿ ಮೂತ್ರ. ಮೂತ್ರಕ್ಕೆ ಕೂತರೆ ಪೂರ್ತಿ ಹೋದಂತೆ ಅನಿಸುವುದಿಲ್ಲ. ಕೆಲವರು ಬೆರಳಿನಿಂದ ಒಳಗೆ ತಳ್ಳಿಕೊಂಡು ಮತ್ತೆ ಹೊಲಕ್ಕೆ ಹೋಗುತ್ತಾರೆ. ಹಾಗೆ ಹತ್ತು ವರ್ಷ ನಡೆದದ್ದುಂಟು. ಗಂಡನಿಗೆ ಗೊತ್ತಿರುವುದಿಲ್ಲ, ಗೊತ್ತಿದ್ದರೂ ಅವರಿಬ್ಬರ ನಡುವೆ ಆ ಮಾತು ಬಂದಿರುವುದಿಲ್ಲ.

ಒಳಗೆ ಆಗುವುದಾದರೂ ಏನು? ಹಿಂದಿನ ಅಡುಗೆಮನೆಯ ನೆಲುವು ನೆನಪಿಸಿಕೊಳ್ಳಿ. ಮೇಲಿನ ಜಂತಿಯಿಂದ ಹಗ್ಗ, ಹಗ್ಗದಲ್ಲಿ ಗಡಿಗೆ. ಆ ಗಡಿಗೆಯ ಅಡಿಗೆ ಒಂದು ಹಲಗೆಯೂ ಇದೆ ಎಂದುಕೊಳ್ಳಿ. ಹಲಗೆ ಗಟ್ಟಿ ಇರುವ ತನಕ ಭಾರವೆಲ್ಲ ಅದರ ಮೇಲೆ, ಹಗ್ಗಕ್ಕೆ ಗಡಿಗೆ ಅಲುಗದಂತೆ ಹಿಡಿಯುವಷ್ಟೇ ಕೆಲಸ. ಹಲಗೆ ಸಡಿಲವಾಯಿತೋ, ಭಾರ ಹಗ್ಗದ ಪಾಲು. ಹಗ್ಗ ದಿನದಿನಕ್ಕೂ ಎಳೆದುಕೊಳ್ಳುತ್ತದೆ, ಗಡಿಗೆ ಇಳಿಯುತ್ತದೆ. ನಮ್ಮ ಮೈಯಲ್ಲಿ ಗಡಿಗೆ ಎಂದರೆ ಗರ್ಭಕೋಶ, ಹಗ್ಗ ಎಂದರೆ ಅದನ್ನು ಹಿಡಿದಿರುವ ಕಟ್ಟುಗಳು, ಆ ಹಲಗೆ ಎಂದರೆ ಮುಂದಿನ ಗುಹ್ಯದ ಎಲುಬಿನಿಂದ ಹಿಂದಿನ ಬಾಲದ ಎಲುಬಿನವರೆಗೆ ಹಾಸಿರುವ ಸ್ನಾಯು. ವೈದ್ಯರು ಅದನ್ನು ಶ್ರೋಣಿತಳ ಎನ್ನುತ್ತಾರೆ, ಅದರ ಮುಖ್ಯ ಭಾಗಕ್ಕೆ ಲೆವೇಟರ್ ಏನೈ ಎಂದು ಹೆಸರು. ಜಾರುವುದು ಗರ್ಭಕೋಶ ಒಂದೇ ಅಲ್ಲ. ಯೋನಿಯ ಮುಂದಿನ ಗೋಡೆಯಲ್ಲಿ ಮೂತ್ರಕೋಶ ಉಬ್ಬಬಹುದು, ಹಿಂದಿನ ಗೋಡೆಯಲ್ಲಿ ಗುದನಾಳ ಉಬ್ಬಬಹುದು. ಎಷ್ಟು ಇಳಿದಿದೆ ಎಂಬುದನ್ನು ಅಳೆದು ಸೊನ್ನೆಯಿಂದ ನಾಲ್ಕರವರೆಗೆ ಹಂತ ಕಟ್ಟುವ ಪದ್ಧತಿ 1996ರಿಂದ ಜಗತ್ತಿನಾದ್ಯಂತ ಬಳಕೆಯಲ್ಲಿದೆ.

ಹಲಗೆ ಮುರಿಯುವುದು ಹೆಚ್ಚಾಗಿ ಹೆರಿಗೆಯಲ್ಲಿ. ಮಗುವಿನ ತಲೆ ಹೊರಬರುವಾಗ ಈ ಸ್ನಾಯು ತನ್ನ ಉದ್ದಕ್ಕಿಂತ ಹಲವು ಪಟ್ಟು ಹಿಗ್ಗುತ್ತದೆ, ಕೆಲವರಲ್ಲಿ ಎಲುಬಿನಿಂದ ಕಿತ್ತೂ ಬರುತ್ತದೆ. ಮೈ ಬಲಿಯುವ ಮೊದಲೇ ಮದುವೆ, ಒಂದರ ಹಿಂದೆ ಒಂದು ಬಸಿರು, ತಾಸುಗಟ್ಟಲೆ ಎಳೆದ ಹೆರಿಗೆ, ಗರ್ಭಕೋಶದ ಬಾಯಿ ಪೂರ್ತಿ ತೆರೆಯುವ ಮೊದಲೇ ‘ಮುಕ್ಕು, ಮುಕ್ಕು’ ಎನ್ನುವ ಅವಸರ, ಮೇಲಿನಿಂದ ಹೊಟ್ಟೆ ಒತ್ತುವ ಕೈ ಎಲ್ಲವೂ ಸೇರಿಕೊಳ್ಳುತ್ತವೆ. ಆ ಕೈ ಸೂಲಗಿತ್ತಿಯದೇ ಆಗಬೇಕೆಂದಿಲ್ಲ, ಹೆರಿಗೆ ವಾರ್ಡಿನಲ್ಲೂ ಅದು ಕಾಣಸಿಗುತ್ತದೆ. ಸಂತಾನ ನಿಲ್ಲಿಸುವ ಆಪರೇಷನ್ನಿನಿಂದ ಹೀಗಾಯಿತು ಎಂದು ಬಹಳ ಮಂದಿ ನಂಬಿದ್ದಾರೆ. ಆ ಆಪರೇಷನ್ ಮುಟ್ಟುವುದು ನಳಿಕೆಗಳನ್ನು. ಹಲಗೆಯ ತಂಟೆಗೆ ಅದು ಹೋಗುವುದೇ ಇಲ್ಲ. ಮುಟ್ಟು ನಿಂತ ಮೇಲೆ ಸ್ನಾಯು ತೆಳುವಾಗಿ, ಅಲ್ಲಿಯವರೆಗೆ ಮರೆಯಲ್ಲಿದ್ದ ದೋಷ ಹೊರಗೆ ಕಾಣುತ್ತದೆ, ಅಷ್ಟೆ.

ಹೆರಿಗೆಯಿಂದ ಪೆಟ್ಟಾದ ಹಲಗೆಗೆ ಬಿಡುವು ಸಿಕ್ಕಿದರೆ ಬಹಳಷ್ಟು ತಾನಾಗಿಯೇ ಕೂಡಿಕೊಳ್ಳುತ್ತದೆ. ನಮ್ಮ ಯಾದಗಿರಿ ಜಿಲ್ಲೆಯ ಕತೆ ಇಲ್ಲಿ ಶುರುವಾಗುತ್ತದೆ. ಬಾಣಂತನ ಎಂಬುದು ನಮ್ಮ ಕಡೆ ದೊಡ್ಡ ವ್ಯವಸ್ಥೆ: ತವರು, ಹೊರಸು, ಬೆಂಕಿಯ ಕಾವು, ಎಣ್ಣೆ ನೀರು. ಅದರಲ್ಲಿ ಎಷ್ಟೋ ಮೂಢ ಪಥ್ಯ ಇದ್ದರೂ ಒಂದು ದೊಡ್ಡ ಗುಣವಿತ್ತು: ಭಾರ ಎತ್ತುವ ಕೆಲಸದಿಂದ ಹೆಣ್ಣನ್ನು ದೂರ ಇಟ್ಟಿತ್ತು. ಇವತ್ತು ಗುಳೆ ಹೋಗುವ ಕುಟುಂಬದ ಬಾಣಂತಿಗೆ ಅದೂ ಇಲ್ಲ. ಬೆಂಗಳೂರಿನ ಯಾವುದೋ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ, ಎಳೆಗೂಸನ್ನು ಸೀರೆಯ ಜೋಳಿಗೆಗೆ ಹಾಕಿ, ತಲೆಯ ಮೇಲೆ ಜಲ್ಲಿಯ ಪುಟ್ಟಿ. ಊರಲ್ಲೇ ಉಳಿದವಳಿಗೆ ಭತ್ತದ ಗದ್ದೆ. ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆ ಹರಿದ ಮೇಲೆ ಸುರಪುರ, ಶಹಾಪುರದ ಜೋಳದ ಹೊಲಗಳು ಗದ್ದೆಗಳಾದವು. ಆ ನೀರು ಊರಿಗೆ ದುಡ್ಡು ತಂದಿತು ಎಂದು ಎಲ್ಲರೂ ಬರೆದಿದ್ದಾರೆ. ಅದರಿಂದ ಹೆಂಗಸರ ನಡುವಿಗೆ ಏನಾಯಿತು ಎಂದು ಯಾರಾದರೂ ಬರೆದದ್ದನ್ನು ನಾನಂತೂ ಓದಿಲ್ಲ. ಬಾಗಿ ಸಸಿ ಹಚ್ಚುವುದೊಂದೇ ಅಷ್ಟು ಕೆಟ್ಟದ್ದಲ್ಲ. ಕೆಸರಿನಿಂದ ಕಾಲು ಕೀಳುತ್ತಾ ಒದ್ದೆ ಸಸಿಯ ಹೊರೆ ಸಾಗಿಸುವುದು, ಸಂಜೆ ಅದೇ ಮೈಯಲ್ಲಿ ನೀರು, ಮೇವು, ಕಟ್ಟಿಗೆ ಹೊರುವುದು ಕೆಟ್ಟದ್ದು. ಶಹಾಪುರದ ಗುಡ್ಡದಲ್ಲಿ ಬುದ್ಧ ಮಲಗಿದ್ದಾನೆಂದು ದೂರದಿಂದ ಬಂದವರೂ ಕೈ ತೋರಿಸಿ ನೋಡುತ್ತಾರೆ. ಅದೇ ಗುಡ್ಡದ ಕೆಳಗಿನ ಬಾಣಂತಿ ಮಧ್ಯಾಹ್ನ ಅರ್ಧ ತಾಸು ಮಲಗಿದರೆ ನೋಡಿದವರೆಲ್ಲ ಒಂದು ಮಾತು ಆಡುತ್ತಾರೆ.

ಇನ್ನು ಈ ಹಲಗೆಯನ್ನು ಗಟ್ಟಿ ಮಾಡುವ ವ್ಯಾಯಾಮ. ಇದನ್ನು ವೈದ್ಯರ ನಡುವೆ ಹೆಸರಿಗೆ ತಂದವರು ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್, 1948ರಲ್ಲಿ. ನಮ್ಮ ಯೋಗದ ಮೂಲಬಂಧ ಬಲ್ಲವರಿಗೆ ಇದು ತೀರಾ ಹೊಸದೆನಿಸದು. ಮಾಡುವ ಕ್ರಮ ಹೀಗೆ. ಮೊಣಕಾಲು ಮಡಚಿ ಅಂಗಾತ ಮಲಗಿ. ನಾಲ್ಕು ಜನರ ನಡುವೆ ಕೂತಾಗ ಗಾಳಿ ಬರುವಂತಾದರೆ ಹೇಗೆ ಬಿಗಿಹಿಡಿಯುತ್ತೀರೋ, ಹಾಗೆ ಹಿಂದಿನಿಂದ ಮುಂದಕ್ಕೆ ಬಿಗಿದು ಮೇಲಕ್ಕೆ ಎಳೆದುಕೊಳ್ಳಿ. ಆರರಿಂದ ಹತ್ತು ಎಣಿಸುವವರೆಗೆ ಹಿಡಿಯಿರಿ. ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಿ. ಇಂಥವು ಎಂಟರಿಂದ ಹನ್ನೆರಡು, ದಿನಕ್ಕೆ ಮೂರು ಹೊತ್ತು. ಮೊದಲ ವಾರ ಮೂರು ಎಣಿಸುವಷ್ಟೂ ನಿಲ್ಲದಿದ್ದರೆ ಅಂಜಬೇಡಿ. ಮಲಗಿ ರೂಢಿಯಾದ ಮೇಲೆ ಕೂತು, ಆಮೇಲೆ ನಿಂತು.

ತಪ್ಪುವುದು ಎಲ್ಲಿ ಎಂದರೆ, ಹೆಚ್ಚಿನವರು ಉಸಿರು ಕಟ್ಟುತ್ತಾರೆ, ಕುಂಡಿ ಬಿಗಿಯುತ್ತಾರೆ, ತೊಡೆ ಬಿಗಿಯುತ್ತಾರೆ. ಇನ್ನು ಕೆಲವರು ಮೇಲಕ್ಕೆ ಎಳೆಯುವ ಬದಲು ಹೆರಿಗೆಯಲ್ಲಿ ಮುಕ್ಕಿದ ಹಾಗೆ ಕೆಳಕ್ಕೆ ತಳ್ಳುತ್ತಾರೆ. ಹಾಗೆ ಮಾಡಿದರೆ ಲಾಭದ ಬದಲು ನಷ್ಟ. ಅದಕ್ಕೇ ಒಮ್ಮೆಯಾದರೂ ಗೊತ್ತಿರುವ ನರ್ಸ್, ಡಾಕ್ಟರು ಅಥವಾ ಫಿಸಿಯೋಥೆರಪಿಸ್ಟ್ ಕೈಯಿಂದ ಪರೀಕ್ಷಿಸಿ ‘ಹೌದು, ಇದೇ ಸ್ನಾಯು’ ಎಂದು ಹೇಳಬೇಕು. ಮೂತ್ರ ಮಾಡುವಾಗ ನಡುವೆ ತಡೆದು ಅಭ್ಯಾಸ ಮಾಡುವುದು ಬೇಡ, ಅದರಿಂದ ಮೂತ್ರಕೋಶಕ್ಕೆ ತೊಂದರೆ.

ಫಲ ಎಷ್ಟು? ಬ್ರಿಟನ್, ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳ 447 ಮಹಿಳೆಯರ ಮೇಲೆ ನಡೆದ ಪರೀಕ್ಷೆಯೊಂದು 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಒಬ್ಬೊಬ್ಬರನ್ನೂ ಕೂಡಿಸಿ ಕಲಿಸಿ, ಮನೆಯಲ್ಲಿ ಮಾಡಿಸಿದಾಗ, ವರ್ಷದ ಕೊನೆಗೆ ಭಾರ, ಎಳೆತ, ಉಬ್ಬು ಬಂದ ಅನುಭವ ಇವೆಲ್ಲ ಕಲಿಸದವರಿಗಿಂತ ಸ್ಪಷ್ಟವಾಗಿ ಕಡಿಮೆಯಾಗಿದ್ದವು. ಆದರೆ ಅಳೆದು ನೋಡಿದಾಗ ಹಂತದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. 2010ರಲ್ಲಿ ಪ್ರಕಟವಾದ ನಾರ್ವೆಯ 109 ಮಂದಿಯ ಪರೀಕ್ಷೆಯಲ್ಲಿ, ಆರು ತಿಂಗಳು ಇನ್ನೂ ಬಿಗಿಯಾಗಿ ವ್ಯಾಯಾಮ ಮಾಡಿದವರಲ್ಲಿ ನೂರಕ್ಕೆ 19 ಮಂದಿಗೆ ಒಂದು ಹಂತ ಸುಧಾರಿಸಿತು; ಮಾಡದವರಲ್ಲಿ ಅದು 8. ವ್ಯಾಯಾಮ ಪವಾಡ ಮಾಡುವುದಿಲ್ಲ. ಮೊದಲ ಎರಡು ಹಂತಗಳಲ್ಲಿ ಅದು ಬದುಕನ್ನು ಸುಲಭ ಮಾಡುತ್ತದೆ, ಎಷ್ಟೋ ಜನರಿಗೆ ಮುಂದಿನ ಚಿಕಿತ್ಸೆಯ ಅಗತ್ಯವನ್ನೇ ತಪ್ಪಿಸುತ್ತದೆ. ಪೂರ್ತಿ ಹೊರಬಂದದ್ದನ್ನು ಮೂಲಬಂಧ ಒಳಗೆ ಕಳಿಸುತ್ತದೆ ಎನ್ನುವವರನ್ನು ನಂಬಬೇಡಿ. ಮೂರು ತಿಂಗಳು ಬಿಡದೆ ಮಾಡದೆ ‘ಫರಕೇನೂ ಆಗಲಿಲ್ಲ’ ಎಂದೂ ಹೇಳಬೇಡಿ.

ನಿಲುವಿನ ಬಗ್ಗೆ ಎರಡು ಮಾತು. ಬೆನ್ನಿನ ಕೆಳಭಾಗದ ಸಹಜ ಬಾಗು ಕಳೆದುಕೊಂಡ ಹೆಂಗಸರಲ್ಲಿ ಈ ಬೇನೆ ಹೆಚ್ಚು ಕಂಡಿದೆ ಎಂದು ಅಮೆರಿಕದ ಕೆಲವು ಅಧ್ಯಯನಗಳು ಹೇಳಿವೆ. ಅದರ ಮೇಲೆ, ಎದೆ ಎತ್ತಿ ನಡು ಬಾಗಿಸಿ ನಿಂತರೆ ಸಾಕು, ಎಲ್ಲ ಸರಿಹೋಗುತ್ತದೆ ಎಂಬ ಪಂಥಗಳೂ ಹುಟ್ಟಿವೆ. ಅಷ್ಟು ದೂರ ಹೋಗಲು ಆಧಾರ ಸಾಲದು. ಹೊಟ್ಟೆಯ ಒತ್ತಡ ಕೆಳಗೆ ಬೀಳದಂತೆ ನೋಡಿಕೊಳ್ಳುವುದು ಮಾತ್ರ ನಿಸ್ಸಂಶಯವಾಗಿ ಕೆಲಸದ ಮಾತು. ಕೊಡ ಎತ್ತುವ ಮುಂಚೆ ಕೆಳಗೆ ಬಿಗಿಹಿಡಿದು, ಮೊಣಕಾಲು ಮಡಚಿ, ಕೊಡವನ್ನು ಮೈಗೆ ಒತ್ತಿಕೊಂಡು, ಉಸಿರು ಬಿಡುತ್ತಾ ಏಳುವುದು. ಕೆಮ್ಮು, ಸೀನು ಬರುವ ಮುಂಚೆಯೂ ಹಾಗೇ ಬಿಗಿಯುವುದು. ದೊಡ್ಡ ಕೊಡ ಒಂದರ ಬದಲು ಸಣ್ಣವು ಎರಡು ಸಲ. ಸುರಪುರದ ಏರು ಓಣಿಗಳಲ್ಲಿ ಇದು ಹೇಳಿದಷ್ಟು ಸುಲಭವಲ್ಲ. ಗಂಡಸರಿಗೆ ನಾನು ಬಾಕಿ ಇಟ್ಟಿದ್ದ ಪ್ರಶ್ನೆ ಇದೇ. ಸೈಕಲ್ಲಿಗೋ ಮೋಟರ್ ಸೈಕಲ್ಲಿಗೋ ಎರಡು ಕೊಡ ಕಟ್ಟಿ ತರಲು ಯಾವ ವೈದ್ಯಶಾಸ್ತ್ರವೂ ಬೇಕಿಲ್ಲ.

ಮಲ ಕಟ್ಟಿದರೆ ಮುಕ್ಕಬೇಕಾಗುತ್ತದೆ, ಮುಕ್ಕಿದಷ್ಟೂ ಹಲಗೆಗೆ ಪೆಟ್ಟು. ಜೋಳದ ರೊಟ್ಟಿ, ಪುಂಡಿ ಪಲ್ಯ ತಿನ್ನುವ ನಾಡಿನಲ್ಲಿ ಮಲಬದ್ಧತೆ ಏಕೆ? ಶೌಚಕ್ಕೆ ಮರೆ ಇಲ್ಲವೆಂದು ಹೆಂಗಸರು ಹಗಲೆಲ್ಲ ನೀರು ಕುಡಿಯುವುದಿಲ್ಲ, ಕತ್ತಲಾಗುವ ತನಕ ತಡೆಯುತ್ತಾರೆ. ಕುಕ್ಕರುಗಾಲಲ್ಲಿ ಕೂರುವುದರಲ್ಲಿ ದೋಷವಿಲ್ಲ, ಮುಕ್ಕುವುದರಲ್ಲಿದೆ. ಬಾಣಂತಿಗೆ ಹೊಟ್ಟೆ ಕಟ್ಟುವ ಪದ್ಧತಿಯನ್ನೂ ನೋಡಿ: ಸಡಿಲವಾಗಿ ಆಸರೆಗೆ ಕಟ್ಟಿದರೆ ಇರಲಿ, ಉಸಿರಾಡದಂತೆ ಬಿಗಿದರೆ ಆ ಒತ್ತಡ ಹೋಗುವುದು ಕೆಳಕ್ಕೇ. ಹೊಲದಿಂದ ಬಂದ ಮೇಲೆ ಕುಂಡಿಯ ಕೆಳಗೆ ಮಡಿಚಿದ ಕೌದಿ ಇಟ್ಟುಕೊಂಡು ಕಾಲು ಗಂಟೆ ಮಲಗಿದರೆ ಆ ಹೊತ್ತಿನ ಭಾರ ಇಳಿಯುತ್ತದೆ. ಅದು ಪರಿಹಾರವಲ್ಲ, ಆರಾಮ. ಆರಾಮವೂ ಬೇಕಾದದ್ದೇ.

ಈಗ ನನ್ನ ಮಾತಿನ ಕಹಿ ಭಾಗ. ನಮ್ಮ ಕಡೆ ಈ ಬೇನೆಗೆ ಎರಡೇ ಮದ್ದು ನಡೆದು ಬಂದಿವೆ: ಬಾಯಿ ಮುಚ್ಚಿಕೊಂಡಿರುವುದು, ಇಲ್ಲವೇ ಚೀಲ, ಅಂದರೆ ಗರ್ಭಕೋಶ, ತೆಗೆಸುವುದು. ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳಿಗೆ ನಡುನೋವು, ಬಿಳಿ ಸೆರಗಿನಂಥ ದೂರುಗಳಿಗೂ ಖಾಸಗಿ ಆಸ್ಪತ್ರೆಗಳಲ್ಲಿ ಗರ್ಭಕೋಶ ತೆಗೆದದ್ದು ಹತ್ತು ವರ್ಷದ ಹಿಂದೆ ಬಯಲಾಗಿ, ಸರ್ಕಾರದ ವಿಚಾರಣೆಯಾಗಿ, ಬೀದಿಯಲ್ಲಿ ಹೋರಾಟವೂ ನಡೆಯಿತು. ಅವರಲ್ಲಿ ನಲವತ್ತು ತುಂಬದವರು ಅನೇಕರು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತನ್ನಿ ಎಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೆ ಹೇಳಿತು. ನೇಪಾಳದ ಸುಪ್ರೀಂ ಕೋರ್ಟ್ ಇದಕ್ಕೂ ಮುಂಚೆ, 2008ರಲ್ಲೇ, ಗರ್ಭಕೋಶ ಜಾರುವುದನ್ನು ಹೆಣ್ಣಿನ ಹಕ್ಕಿನ ಪ್ರಶ್ನೆಯಾಗಿ ಕಂಡು ತೀರ್ಪು ಕೊಟ್ಟಿತ್ತು.

ಗಡಿಗೆ ತೆಗೆದು ಎಸೆದರೆ ಹಲಗೆ ರಿಪೇರಿ ಆಗುವುದಿಲ್ಲ. ಹಗ್ಗ ಬಿಗಿಯದೆ ಬರೀ ಚೀಲ ತೆಗೆದರೆ, ಕೆಲವು ವರ್ಷಗಳಲ್ಲಿ ಯೋನಿಯ ಮೇಲ್ತುದಿಯೇ ಇಳಿಯಬಹುದು. ಮೂತ್ರಕೋಶದ ಉಬ್ಬಂತೂ ಇದ್ದಲ್ಲೇ ಇರುತ್ತದೆ. ಆಪರೇಷನ್ನೇ ಬೇಡ ಎಂದು ನಾನು ಹೇಳುತ್ತಿಲ್ಲ. ಮೂರು, ನಾಲ್ಕನೆಯ ಹಂತದಲ್ಲಿ ಅದು ಎಷ್ಟೋ ಜನರನ್ನು ಮತ್ತೆ ನಡೆಯುವಂತೆ ಮಾಡಿದೆ. ಆದರೆ ಗರ್ಭಕೋಶ ಉಳಿಸಿಯೇ ಎತ್ತಿ ಕಟ್ಟುವ ಶಸ್ತ್ರಕ್ರಿಯೆಗಳೂ ಇವೆ. ಮಕ್ಕಳಾಗಬೇಕಾದ ಎಳೆಯ ಹೆಣ್ಣುಮಕ್ಕಳಿಗೂ ಈ ಬೇನೆ ಬರುವ ದೇಶ ನಮ್ಮದು, ಹಾಗಾಗಿ ಅಂಥ ವಿಧಾನಗಳನ್ನು ಬೆಳೆಸಿದವರಲ್ಲಿ ಮುಂಬಯಿಯ ವೈದ್ಯರು ದೊಡ್ಡವರು. ಅವರಲ್ಲಿ ಒಬ್ಬರಾದ ವಿ. ಎನ್. ಶಿರೋಡ್ಕರ್ ಹುಬ್ಬಳ್ಳಿಯಲ್ಲಿ ಶಾಲೆ ಓದಿದವರು.

ವ್ಯಾಯಾಮಕ್ಕೂ ಶಸ್ತ್ರಕ್ರಿಯೆಗೂ ನಡುವೆ ಇನ್ನೊಂದು ಉಪಾಯವಿದೆ, ನಮ್ಮಲ್ಲಿ ಅದರ ಸುದ್ದಿಯೇ ಕಡಿಮೆ: ಪೆಸರಿ ಎಂಬ ಸಿಲಿಕೋನ್ ಬಳೆ. ಅಳತೆ ನೋಡಿ ಒಳಗೆ ಕೂಡಿಸಿದರೆ ಇಳಿದದ್ದನ್ನು ಎತ್ತಿ ಹಿಡಿಯುತ್ತದೆ. ಕೆಲವು ತಿಂಗಳಿಗೊಮ್ಮೆ ತೆಗೆದು ತೊಳೆದು, ಹುಣ್ಣಾಗಿಲ್ಲವೆಂದು ನೋಡಿ, ಮತ್ತೆ ಇಡುವುದು. ಕಲಿತರೆ ತಾವೇ ಮಾಡಿಕೊಳ್ಳಬಹುದು. ಆಪರೇಷನ್ ತಾಳಲಾರದ ಮುದುಕಿಗೆ, ಇನ್ನೂ ಮಕ್ಕಳು ಬೇಕೆನ್ನುವವಳಿಗೆ, ಸುಗ್ಗಿ ಮುಗಿಯಲಿ ಎಂದು ಕಾಯುವವಳಿಗೆ ಇದು ಹೇಳಿ ಮಾಡಿಸಿದಂಥದ್ದು. ಉಪಾಯ ಹಳೆಯದು. ಗ್ರೀಕರು ಅರ್ಧ ದಾಳಿಂಬೆ ಇಡುತ್ತಿದ್ದರು. ಸುಶ್ರುತ ಸಂಹಿತೆಯ ಉತ್ತರತಂತ್ರ ತುಪ್ಪ ಸವರಿ ಒಳಗೆ ಸೇರಿಸಿ ಕಟ್ಟುವ ಕ್ರಮ ಹೇಳುತ್ತದೆ. ನಮ್ಮ ಅಜ್ಜಿಯರು ಬಟ್ಟೆಯ ಉಂಡೆ ಇಟ್ಟುಕೊಂಡದ್ದೂ ಇದೇ ತರ್ಕದಿಂದ, ಆದರೆ ಬಟ್ಟೆಯಿಂದ ಕೀವು, ನಾತ, ಸೋಂಕು ಖಂಡಿತ. ಯಾದಗಿರಿಗೆ ಈಗ ಸರ್ಕಾರಿ ವೈದ್ಯಕೀಯ ಕಾಲೇಜೇ ಬಂದಿದೆ. ಅಳತೆಯ ಬಳೆಗಳು ತಾಲ್ಲೂಕು ಆಸ್ಪತ್ರೆಗಳಲ್ಲೂ ಸಿಗಬೇಕೆಂದು ಕೇಳಿದರೆ ಅತಿಯಾಸೆಯಲ್ಲ.

ಕಾಯದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳಿವೆ. ಮೂತ್ರ ಕಟ್ಟಿದರೆ, ಹೊರಬಂದ ಭಾಗ ಒಳಗೆ ಹೋಗದಿದ್ದರೆ, ಅದರ ಮೇಲೆ ಹುಣ್ಣಾದರೆ, ಮುಟ್ಟು ನಿಂತ ಮೇಲೆ ರಕ್ತ ಕಂಡರೆ ವ್ಯಾಯಾಮ ಮಾಡುತ್ತಾ ಕೂರಬೇಡಿ. ಅಲ್ಲಿ ‘ಚೀಲ ತೆಗೀಬೇಕು’ ಎಂದರೆ ಹೆದರದೆ ಕೇಳಿ: ಎಷ್ಟನೆಯ ಹಂತ? ಬಳೆ ಹಾಕಿ ನೋಡಬಹುದೇ? ತೆಗೆದ ಮೇಲೆ ಮೇಲ್ತುದಿಯನ್ನು ಯಾವುದಕ್ಕೆ ಕಟ್ಟುತ್ತೀರಿ?

ಈ ಸಭೆಯಲ್ಲಿ ಆಶಾ ಕಾರ್ಯಕರ್ತೆಯರು ಇದ್ದೀರಿ. ಆಸ್ಪತ್ರೆಯಲ್ಲಿ ಹೆತ್ತವಳ ಮನೆಗೆ ನೀವು ಆರು ಸಲ ಹೋಗುತ್ತೀರಿ, ಕೊನೆಯದು 42ನೆಯ ದಿನ. ಕೂಸಿನ ತೂಕ, ಜ್ವರ, ಹಾಲು ಎಲ್ಲ ನಿಮ್ಮ ನಮೂನೆಯಲ್ಲಿ ಇದೆ. ಆ ದಿನ ಅತ್ತೆಯನ್ನು ನೀರು ತರಲು ಕಳಿಸಿ, ಬಾಣಂತಿಯ ಹತ್ತಿರ ಕೂತು, ನಮೂನೆಯಲ್ಲಿ ಇಲ್ಲದ ಒಂದು ಮಾತು ಕೇಳಿ: ‘ತಂಗಿ, ಕೆಮ್ಮಿದ್ರ ಹನಿ ಬೀಳ್ತದೇನು? ಕುಂತರ ಕೆಳಗ ಏನರ ಒತ್ತತದೇನು?’ ಹೌದು ಎಂದರೆ ಬಿಗಿಹಿಡಿಯುವುದು ಹೇಗೆಂದು ಅಲ್ಲೇ ಹೊರಸಿನ ಮೇಲೆ ಮಲಗಿಸಿ ಹೇಳಿಕೊಡಿ. ಮುಂದಿನ ಲಸಿಕೆಯ ದಿನ ಬಂದಾಗ ಮತ್ತೆ ಕೇಳಿ.