ಸುಟ್ಟು ನೋಡು, ತೂಗಿ ನೋಡು



ಪಡುಬಿದ್ರಿಯ ಪಕ್ಕದ ನಂದಿಕೂರು ಎಂದೊಡನೆ ಕೈಗಾರಿಕಾ ಪ್ರದೇಶ, ಉಷ್ಣ ವಿದ್ಯುತ್ ಸ್ಥಾವರ ನೆನಪಾಗುತ್ತವೆ. ಅಲ್ಲಿಂದ ಉತ್ತರಕ್ಕೆ, ಕಾಪು ಸಮೀಪದ ಪಾದೂರಿನಲ್ಲಿ ಬಂಡೆಯನ್ನು ಕೊರೆದು ಮಾಡಿದ ಸುರಂಗಗಳಿವೆ. 25 ಲಕ್ಷ ಟನ್ ಕಚ್ಚಾ ತೈಲ ಹಿಡಿಸುವಷ್ಟು ದೊಡ್ಡವು. ದಕ್ಷಿಣಕ್ಕೆ ಹೋದರೆ ಕುತ್ತೆತ್ತೂರಿನ ಎಂಆರ್‌ಪಿಎಲ್ ತೈಲ ಶುದ್ಧೀಕರಣಾಗಾರ. ಅಲ್ಲಿ ತುಂಬಿಡುವುದೂ ಇಲ್ಲಿ ಬೇರ್ಪಡಿಸುವುದೂ ಬಹುಪಾಲು ಹೈಡ್ರೋಕಾರ್ಬನ್‌ಗಳನ್ನೇ. ಅಂದರೆ ಇಂಗಾಲ ಮತ್ತು ಹೈಡ್ರೋಜನ್, ಇವೆರಡೇ ಧಾತುಗಳಿಂದಾದ ವಸ್ತುಗಳನ್ನು. ಇರುವುದು ಎರಡೇ ಧಾತು, ಆಗಿರುವುದು ಸಾವಿರಾರು ವಸ್ತು. ಹಾಗಾದರೆ ಯಾವುದು ಯಾವುದೆಂದು ತಿಳಿಯುವುದು ಹೇಗೆ?

ಎರಡನ್ನು ಎತ್ತಿಕೊಳ್ಳೋಣ. ಒಂದು ಅಸಿಟಿಲೀನ್. ಗ್ಯಾಸ್ ವೆಲ್ಡಿಂಗ್ ಮಾಡುವವರು ಆಮ್ಲಜನಕದ ಜೊತೆ ಉರಿಸಿ ಉಕ್ಕನ್ನು ಕರಗಿಸುವ ಅನಿಲ. ಇನ್ನೊಂದು ಬೆಂಜೀನ್. ಅದು ದ್ರವ, ಸುಮಾರು 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ದೀರ್ಘಕಾಲ ಅದರ ಆವಿ ಸೇವಿಸಿದವರಿಗೆ ರಕ್ತದ ಕ್ಯಾನ್ಸರ್ ಬರುವ ಅಪಾಯವಿದೆ.

ಇವುಗಳಲ್ಲಿ ಯಾವುದನ್ನಾದರೂ 1.3 ಗ್ರಾಂ ತೆಗೆದುಕೊಂಡು ಪೂರ್ತಿ ಸುಡಿ. ಇಂಗಾಲವೆಲ್ಲ ಇಂಗಾಲದ ಡೈಆಕ್ಸೈಡ್ ಆಗುತ್ತದೆ, ಹೈಡ್ರೋಜನ್ ಎಲ್ಲ ನೀರಾಗುತ್ತದೆ. 1831ರಲ್ಲಿ ಜರ್ಮನಿಯ ಲೀಬಿಗ್ ಇದಕ್ಕೆಂದೇ ಐದು ಬುರುಡೆಗಳ ಒಂದು ಗಾಜಿನ ಉಪಕರಣ ಮಾಡಿದ. ಅದರೊಳಗಿನ ಪೊಟ್ಯಾಷ್ ದ್ರಾವಣ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತಿತ್ತು. ಹೆಚ್ಚಿದ ತೂಕವೇ ಲೆಕ್ಕ. ನಮ್ಮ 1.3 ಗ್ರಾಂ ಸುಟ್ಟರೆ ಸಿಗುವುದು 4.4 ಗ್ರಾಂ ಇಂಗಾಲದ ಡೈಆಕ್ಸೈಡ್, 0.9 ಗ್ರಾಂ ನೀರು. ಮೊದಲನೆಯದರಲ್ಲಿ ಇಂಗಾಲ 1.2 ಗ್ರಾಂ, ಎರಡನೆಯದರಲ್ಲಿ ಹೈಡ್ರೋಜನ್ 0.1 ಗ್ರಾಂ. ಇಂಗಾಲದ ಪರಮಾಣು ಹೈಡ್ರೋಜನ್ನಿನದಕ್ಕಿಂತ 12 ಪಟ್ಟು ಭಾರ. ಆದ್ದರಿಂದ ಪರಮಾಣುಗಳ ಲೆಕ್ಕದಲ್ಲಿ ಎರಡೂ ಸಮ: ಒಂದಕ್ಕೆ ಒಂದು, ಸಿಎಚ್. ಕಾಲೇಜಿನ ಮಕ್ಕಳು ಎಂಪಿರಿಕಲ್ ಫಾರ್ಮುಲಾ ಎನ್ನುವ ಪ್ರಾಯೋಗಿಕ ಸೂತ್ರ ಇದೇ.

ಇಲ್ಲೊಂದು ತೊಡಕಿದೆ. ನೀವು ಸುಟ್ಟದ್ದು ಅಸಿಟಿಲೀನೋ ಬೆಂಜೀನೋ ಎಂದು ನಾನು ಹೇಳಲೇ ಇಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಯಾವುದನ್ನು ಸುಟ್ಟರೂ ಬರುವುದು ಅದೇ 4.4, ಅದೇ 0.9. ಬೆಂಕಿ ಅನುಪಾತ ಹೇಳುತ್ತದೆ, ಒಂದು ಅಣುವಿನಲ್ಲಿ ಪರಮಾಣುಗಳು ಎಷ್ಟೆಂದು ಹೇಳುವುದಿಲ್ಲ.

ಅದಕ್ಕೆ ತೂಗಬೇಕು. ಒಂದೇ ಉಷ್ಣತೆ, ಒಂದೇ ಒತ್ತಡದಲ್ಲಿ ಸಮಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆಯೂ ಸಮ ಎಂದು ಇಟಲಿಯ ಅವೊಗಾಡ್ರೊ 1811ರಲ್ಲೇ ಹೇಳಿದ್ದ. ಅಸಿಟಿಲೀನ್ ಹೈಡ್ರೋಜನ್ ಅನಿಲಕ್ಕಿಂತ 13 ಪಟ್ಟು ಭಾರ, ಬೆಂಜೀನಿನ ಆವಿ 39 ಪಟ್ಟು. ಹೈಡ್ರೋಜನ್ ಅಣುವಿನ ತೂಕ 2. ಹಾಗಾಗಿ ಅಸಿಟಿಲೀನ್ 26, ಬೆಂಜೀನ್ 78. ಒಂದು ಸಿಎಚ್‌ನ ತೂಕ 13. ಭಾಗಿಸಿದರೆ ಒಂದರಲ್ಲಿ 2, ಇನ್ನೊಂದರಲ್ಲಿ 6. ಅಣುಸೂತ್ರ ಸಿಕ್ಕಿತು: ಎರಡು ಇಂಗಾಲ ಎರಡು ಹೈಡ್ರೋಜನ್ ಇದ್ದರೆ ಅಸಿಟಿಲೀನ್, ಆರಾರು ಇದ್ದರೆ ಬೆಂಜೀನ್.

ಈಗ ಸುಲಭವಾಗಿ ಕಾಣುವ ಈ ಲೆಕ್ಕ ಮೊದಲು ಗೊಂದಲದ್ದಾಗಿತ್ತು. 1825ರಲ್ಲಿ ದೀಪದ ಅನಿಲದಿಂದ ಉಳಿದ ಎಣ್ಣೆಯಲ್ಲಿ ಬೆಂಜೀನನ್ನು ಕಂಡುಹಿಡಿದ ಇಂಗ್ಲೆಂಡಿನ ಫ್ಯಾರಡೆ, ಇಂಗಾಲದ ತೂಕ 6 ಎಂದು ಹಿಡಿದಿದ್ದರಿಂದ ಎರಡು ಇಂಗಾಲಕ್ಕೆ ಒಂದು ಹೈಡ್ರೋಜನ್ ಎಂದು ಬರೆದ. ಅವನ ತಕ್ಕಡಿ ತಪ್ಪಿರಲಿಲ್ಲ. ಆ ಕಾಲದ ಪರಮಾಣು ತೂಕವೇ ಹಾಗಿತ್ತು. 1860ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯ ಸಮ್ಮೇಳನದಲ್ಲಿ ಇಟಲಿಯ ಕಾನಿಝಾರೊ ಅವೊಗಾಡ್ರೊನ ಮಾತನ್ನು ಮತ್ತೆ ಎತ್ತಿಹಿಡಿದ ಮೇಲೆಯೇ ರಸಾಯನಶಾಸ್ತ್ರಜ್ಞರ ಲೆಕ್ಕಗಳು ಒಂದೇ ದಾರಿಗೆ ಬಂದವು.

ಅಣುಸೂತ್ರವೂ ಕೊನೆಯ ಮಾತಲ್ಲ. ಮಂಗಳೂರಿನ ಆರೋಮ್ಯಾಟಿಕ್ಸ್ (ಬೆಂಜೀನ್ ಬಳಗದ ವಸ್ತುಗಳ) ಘಟಕವನ್ನು ಕಟ್ಟಿದ್ದು ಬೆಂಜೀನಿನ ಜೊತೆ ಪ್ಯಾರಾಜೈಲೀನನ್ನೂ ತಯಾರಿಸಲು. ಪಾಲಿಯೆಸ್ಟರ್ ಬಟ್ಟೆಗೆ, ನೀರಿನ ಬಾಟಲಿಗೆ ಬೇಕಾಗುವ ಕಚ್ಚಾವಸ್ತು ಅದು. ಎಂಟು ಇಂಗಾಲ, ಹತ್ತು ಹೈಡ್ರೋಜನ್. ಆರ್ಥೊ ಮತ್ತು ಮೆಟಾ ಜೈಲೀನ್‌ಗಳದ್ದೂ ಅದೇ ಅಣುಸೂತ್ರ. ಇವುಗಳನ್ನು ಸುಟ್ಟರೂ ಗೊತ್ತಾಗದು, ತೂಗಿದರೂ ಗೊತ್ತಾಗದು. ವ್ಯತ್ಯಾಸ ಇರುವುದು ಪರಮಾಣುಗಳ ಜೋಡಣೆಯಲ್ಲಿ. ಅದನ್ನು ಹೇಳಲು ರಚನಾಸೂತ್ರವೇ ಬೇಕು.

ಕೊನೆಗೆ ನಿಮಗೊಂದು ಲೆಕ್ಕ. ಒಂದು ಹೈಡ್ರೋಕಾರ್ಬನ್ ಅನಿಲ 2.8 ಗ್ರಾಂ ಸುಟ್ಟಾಗ 8.8 ಗ್ರಾಂ ಇಂಗಾಲದ ಡೈಆಕ್ಸೈಡ್, 3.6 ಗ್ರಾಂ ನೀರು ಬಂತು. ಅದು ಹೈಡ್ರೋಜನ್‌ಗಿಂತ 14 ಪಟ್ಟು ಭಾರ. ಅದರ ಪ್ರಾಯೋಗಿಕ ಸೂತ್ರ, ಅಣುಸೂತ್ರ ಎರಡನ್ನೂ ಬರೆಯಿರಿ. ಒಂದು ಸುಳಿವು ಕೊಡುತ್ತೇನೆ: ನಿಮ್ಮ ಮನೆಯ ಬಾಳೆಗೊನೆ ಹಣ್ಣಾಗುವಾಗ ತಾನೇ ಆ ಅನಿಲವನ್ನು ಹೊರಬಿಡುತ್ತದೆ.