ಹೆಸರಲ್ಲೇ ವಿಳಾಸ

ಮಕ್ಕಳೇ, ಕನ್ನಡ ವಿಕಿಪೀಡಿಯದ ಪುಟ ನಿಮ್ಮೆದುರು ತೆರೆದುಕೊಳ್ಳುವಾಗ ಹಿಂದೆ ಮೀಡಿಯಾವಿಕಿ ಎಂಬ ಪ್ರೋಗ್ರಾಂ ಕೆಲಸ ಮಾಡುತ್ತಿರುತ್ತದೆ. ಅದನ್ನು ಬರೆದಿರುವುದು ಪಿಎಚ್‌ಪಿ ಭಾಷೆಯಲ್ಲಿ. ರಾಸ್ಮಸ್ ಲೆರ್ಡಾರ್ಫ್ ಎಂಬುವರು 1994ರಲ್ಲಿ ತಮ್ಮ ಸ್ವಂತ ವೆಬ್ ಪುಟಕ್ಕೆಂದು ಮಾಡಿಕೊಂಡ ಪುಟ್ಟ ಸಾಧನವೇ ಬೆಳೆದು ಈ ಭಾಷೆಯಾಯಿತು.

ದೊಡ್ಡ ಪ್ರೋಗ್ರಾಂ ಒಂದೇ ಫೈಲಿನಲ್ಲಿ ಹಿಡಿಸುವುದಿಲ್ಲ. ಅದನ್ನು ಕ್ಲಾಸ್‌ಗಳಾಗಿ ಬಿಡಿಸಿ, ಸಾಮಾನ್ಯವಾಗಿ ಒಂದೊಂದನ್ನು ಒಂದೊಂದು ಫೈಲಿನಲ್ಲಿ ಇಡುತ್ತಾರೆ. ಒಂದು ವಸ್ತು ಹೇಗಿರುತ್ತದೆ, ಏನೇನು ಮಾಡಬಲ್ಲದು ಎಂದು ಬರೆದಿಟ್ಟ ವಿವರವೇ ಕ್ಲಾಸ್. ನೀವು ಕ್ರಿಕೆಟ್ ಆಟದ ಪ್ರೋಗ್ರಾಂ ಬರೆದರೆ ಅದರಲ್ಲಿ ‘ಚೆಂಡು’ ಒಂದು ಕ್ಲಾಸ್. ಅದಕ್ಕೆ ಬಣ್ಣ ಇದೆ, ವೇಗ ಇದೆ, ಪುಟಿಯುವುದು ಗೊತ್ತು.

ಚೆಂಡನ್ನು ಬಳಸಬೇಕಾದರೆ ಅದರ ಫೈಲನ್ನು ಮೊದಲು ಓದಿಸಬೇಕಲ್ಲ? ಹಿಂದೆ ಇದಕ್ಕಾಗಿ ಪ್ರತಿ ಫೈಲಿನ ತಲೆಯ ಮೇಲೆ ‘ಈ ಫೈಲು ತಾ, ಆ ಫೈಲು ತಾ’ ಎಂದು ಸಾಲುಸಾಲಾಗಿ ಬರೆಯುತ್ತಿದ್ದರು. ಒಂದು ಮರೆತರೂ ಪ್ರೋಗ್ರಾಂ ನಿಂತುಬಿಡುತ್ತಿತ್ತು. 2004ರ ಜುಲೈನಲ್ಲಿ ಬಂದ ಪಿಎಚ್‌ಪಿ 5 ಆಟೋಲೋಡ್ ಎಂಬ ಉಪಾಯ ತಂದಿತು.

ಅದು ನಡೆಯುವ ರೀತಿ ಬಹಳ ಸೊಗಸು. ಸಾಲುಗಳನ್ನು ಒಂದೊಂದಾಗಿ ನಡೆಸುತ್ತಾ ಬಂದ ಪಿಎಚ್‌ಪಿಗೆ ‘ಹೊಸ ಚೆಂಡು ಮಾಡು’ ಎಂಬ ಅಪ್ಪಣೆ ಸಿಗುತ್ತದೆ. ನೆನಪಿನಲ್ಲಿ ಹುಡುಕುತ್ತದೆ, ಚೆಂಡು ಇಲ್ಲ. ಆದರೂ ತಕ್ಷಣ ಕೈಚೆಲ್ಲುವುದಿಲ್ಲ. ಇಂಥ ಹೊತ್ತಿಗೆಂದೇ ನೀವು ಬರೆದಿಟ್ಟ ಒಂದು ಫಂಕ್ಷನ್ ಅನ್ನು, ಅಂದರೆ ಒಂದು ಕೆಲಸ ಮಾಡಿಕೊಡುವ ಸಾಲುಗಳ ಗುಂಪನ್ನು, ಕರೆದು, ಬೇಕಾದ ಕ್ಲಾಸಿನ ಹೆಸರನ್ನು ಅದಕ್ಕೆ ಕೊಡುತ್ತದೆ. ಫಂಕ್ಷನ್ ಹೋಗಿ ಫೈಲನ್ನು ಓದಿಸುತ್ತದೆ. ಪಿಎಚ್‌ಪಿ ಇನ್ನೊಮ್ಮೆ ನೋಡುತ್ತದೆ. ಈಗ ಚೆಂಡು ಸಿಕ್ಕಿತೇ, ಆಟ ಮುಂದುವರಿಯುತ್ತದೆ. ಈಗಲೂ ಇಲ್ಲವೇ, ‘ಕ್ಲಾಸ್ ಸಿಗಲಿಲ್ಲ’ ಎಂದು ನಿಲ್ಲುತ್ತದೆ. ಚೆಂಡೇ ಬೇಡದ ಪುಟದಲ್ಲಿ ಚೆಂಡಿನ ಫೈಲನ್ನು ಯಾರೂ ಮುಟ್ಟುವುದೂ ಇಲ್ಲ.

ಇನ್ನೊಂದು ತೊಡಕಿತ್ತು. ನಿಮ್ಮ ಗೆಳತಿ ಫುಟ್‌ಬಾಲ್ ಆಟ ಬರೆದಿದ್ದಾಳೆ. ಅವಳ ಕ್ಲಾಸಿನ ಹೆಸರೂ ‘ಚೆಂಡು’! ಎರಡನ್ನೂ ಒಟ್ಟಿಗೆ ಸೇರಿಸಿದರೆ ಪಿಎಚ್‌ಪಿ ಒಪ್ಪುವುದಿಲ್ಲ. ಒಂದೇ ತರಗತಿಯಲ್ಲಿ ಇಬ್ಬರು ಮಂಜುನಾಥರಿದ್ದರೆ ಹಾಜರಿ ಪುಸ್ತಕದಲ್ಲಿ ಏನು ಮಾಡುತ್ತಾರೆ? ಕೆ. ಮಂಜುನಾಥ, ಎಸ್. ಮಂಜುನಾಥ ಎಂದು ಇನಿಷಿಯಲ್ ಸೇರಿಸುತ್ತಾರೆ. 2009ರ ಜೂನ್‌ನಲ್ಲಿ ಬಂದ ಪಿಎಚ್‌ಪಿ 5.3 ಕ್ಲಾಸ್‌ಗಳಿಗೂ ಇಂಥದೇ ವ್ಯವಸ್ಥೆ ಮಾಡಿತು. ಅದೇ ನೇಮ್‌ಸ್ಪೇಸ್. ಕ್ರಿಕೆಟ್\ಚೆಂಡು ಬೇರೆ, ಫುಟ್‌ಬಾಲ್\ಚೆಂಡು ಬೇರೆ. ನಡುವೆ ಇರುವ ಓರೆಗೆರೆ ಬ್ಯಾಕ್‌ಸ್ಲ್ಯಾಶ್. ಅದು ಚಂದವಿಲ್ಲ ಎಂದು ಆಗ ಗೊಣಗಿದವರು ಬಹಳ ಮಂದಿ. ನನಗೂ ಅದರ ಅಂದವೇನೂ ಕಂಡಿಲ್ಲ, ಆದರೆ ಉಪಯೋಗ ಕಂಡಿದೆ.

ಯಾಕೆಂದರೆ ಎರಡು ಉಪಾಯಗಳೂ ಕೈಜೋಡಿಸಿದ್ದು ಇಲ್ಲಿಯೇ. ಆಟ\ಕ್ರಿಕೆಟ್\ಚೆಂಡು ಎಂಬ ಹೆಸರನ್ನು ಇನ್ನೊಮ್ಮೆ ಓದಿ. ‘ಆಟ’ ಫೋಲ್ಡರ್, ಅದರೊಳಗೆ ‘ಕ್ರಿಕೆಟ್’ ಫೋಲ್ಡರ್, ಅದರೊಳಗೆ ‘ಚೆಂಡು’ ಫೈಲು! ಹೆಸರಿನ ಕ್ರಮದಲ್ಲೇ ಫೋಲ್ಡರ್‌ಗಳನ್ನು ಜೋಡಿಸಿಟ್ಟರೆ ಆಟೋಲೋಡ್ ಫಂಕ್ಷನ್ ಎಲ್ಲೂ ತಡಕಾಡಬೇಕಿಲ್ಲ. ಎಲ್ಲರೂ ಒಂದೇ ಬಗೆಯಲ್ಲಿ ಜೋಡಿಸಲಿ ಎಂದು 2013ರ ಕೊನೆಯಲ್ಲಿ ಪಿಎಸ್‌ಆರ್-4 ಎಂಬ ನಿಯಮ ಹೊರಬಂತು. ಅದಕ್ಕೆ ಮುಂಚೆ, 2012ರಲ್ಲೇ, ಕಂಪೋಸರ್ ಎಂಬ ಸಾಧನ ಬಂದಿತ್ತು. ಆಟೋಲೋಡ್ ಫಂಕ್ಷನ್ ಬರೆಯುವ ಕೆಲಸವನ್ನೂ ಈಗ ಅದೇ ಮಾಡಿಕೊಡುತ್ತದೆ.

ಒಂದು ಜಾಗದಲ್ಲಿ ದೊಡ್ಡವರೂ ಎಡವುತ್ತಾರೆ. ಇಂಗ್ಲಿಷಿನ ದೊಡ್ಡಕ್ಷರದ ‘ಬಿ’ ಇರಬೇಕಾದ ಫೈಲಿನ ಹೆಸರಲ್ಲಿ ಚಿಕ್ಕಕ್ಷರದ ‘ಬಿ’ ಬರೆದರೂ ವಿಂಡೋಸ್ ಕಂಪ್ಯೂಟರ್ ಸಾಮಾನ್ಯವಾಗಿ ಸುಮ್ಮನಿರುತ್ತದೆ. ಅದೇ ಪ್ರೋಗ್ರಾಂ ಲಿನಕ್ಸ್ ಕಂಪ್ಯೂಟರಿಗೆ ಹೋದ ಕೂಡಲೇ ಕ್ಲಾಸ್ ಸಿಗಲಿಲ್ಲ ಎಂಬ ದೂರು ಬರುತ್ತದೆ. ಲಿನಕ್ಸ್‌ಗೆ ಅವು ಎರಡು ಬೇರೆ ಬೇರೆ ಹೆಸರುಗಳು.

ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರದ ಗೊಡವೆಯೇ ಇಲ್ಲ. ಪಿಎಚ್‌ಪಿಯಲ್ಲಿ ಕ್ಲಾಸಿನ ಹೆಸರನ್ನೂ ನೇಮ್‌ಸ್ಪೇಸಿನ ಹೆಸರನ್ನೂ ಕನ್ನಡ ಅಕ್ಷರಗಳಲ್ಲೇ ಬರೆಯಬಹುದು. ಶಾಲೆಯ ಕಂಪ್ಯೂಟರಿನಲ್ಲಿ ಪಿಎಚ್‌ಪಿ ಇದ್ದರೆ ಒಂದು ‘ಚೆಂಡು’ ಕ್ಲಾಸ್ ಬರೆದು ಪುಟಿಸಿ ನೋಡಿ.