ನೀರುನಾಯಿಗಳು



ನೆಲದೊಳಗಿನ ಹೊನ್ನಿನ ಕಥೆಯನ್ನು ಕೋಲಾರದ ಗಣಿಯ ಊರಿನವರಿಗೆ ನಾವು ಹೇಳಬೇಕಾದುದಿಲ್ಲ. ನೂರಿಪ್ಪತ್ತು ವರ್ಷಗಳ ಕಾಲ ಅಗೆದ ಬಳಿಕ, 2001ನೆಯ ಇಸವಿ ಫೆಬ್ರವರಿ 28ರಂದು ಆ ಗಣಿಗಳು ಮುಚ್ಚಿದುವು. ನಾವು ಈ ಹೊತ್ತು ಹೇಳಹೊರಟಿರುವುದು ನೀರಿನ ಮೇಲೆ ತೇಲುವ ಇನ್ನೊಂದು ಹೊನ್ನಿನ ವಿಚಾರ. ಉತ್ತರ ಪೆಸಿಫಿಕ್ ಸಾಗರದ ಕಡಲ ನೀರುನಾಯಿಯ ತುಪ್ಪಟವನ್ನು ವರ್ತಕರು 'ಮೆತ್ತನೆಯ ಚಿನ್ನ'ವೆಂದೇ ಕರೆದರು.

ತಿಮಿಂಗಿಲಕ್ಕೆ ಚಳಿಯನ್ನು ತಡೆಯಲು ಚರ್ಮದಡಿಯಲ್ಲಿ ದಪ್ಪನೆಯ ಕೊಬ್ಬಿನ ಪದರವುಂಟು. ಈ ಪ್ರಾಣಿಗೆ ಅದಿಲ್ಲ. ಬದಲಾಗಿ, ಮೈಯ ಒಂದು ಚದರ ಅಂಗುಲದಲ್ಲಿ ಹತ್ತು ಲಕ್ಷದವರೆಗೆ ಕೂದಲಿರುವುದು. ಕೂದಲುಗಳ ನಡುವೆ ನಿಂತ ಗಾಳಿಯೇ ಅದರ ಕಂಬಳಿ. ಮೈಯ ಕಾವನ್ನು ಉಳಿಸಿಕೊಳ್ಳಲು ಅದು ದಿನವೂ ತನ್ನ ತೂಕದ ಕಾಲುಪಾಲಿನಷ್ಟು ಆಹಾರವನ್ನು ತಿನ್ನಬೇಕು. ಅಂಗಾತನಾಗಿ ತೇಲುತ್ತ, ಎದೆಯ ಮೇಲೆ ಕಲ್ಲನ್ನಿರಿಸಿ, ಚಿಪ್ಪುಗಳನ್ನು ಅದಕ್ಕೆ ಬಡಿದು ಒಡೆಯುವುದು.

ಇದರ ಹಸಿವೇ ಕಡಲಿಗೆ ಕಾವಲು. ಆ ತೀರಗಳಲ್ಲಿ ಕೆಲ್ಪ್ ಎಂಬ ದೈತ್ಯ ಪಾಚಿಯು ನೀರಿನೊಳಗೆ ಕಾಡಿನಂತೆ ಬೆಳೆಯುವುದು. ಅಸಂಖ್ಯಾತ ಮೀನುಗಳಿಗೆ ಅದೇ ಆಶ್ರಯ. ಚೆಂಡಿನಾಕಾರದ ಮುಳ್ಳುಮೈಯ ಜೀವಿಯೊಂದು ಆ ಪಾಚಿಯನ್ನು ಮೇಯುವುದು. ಆ ಜೀವಿಯನ್ನು ನೀರುನಾಯಿ ತಿನ್ನುವುದು. ನೀರುನಾಯಿ ಇಲ್ಲವಾದರೆ ಮುಳ್ಳುಜೀವಿಗಳು ಹೆಚ್ಚಿ, ಕಾಡು ಬಯಲಾಗುವುದು.

1741ರಲ್ಲಿ ಬೇರಿಂಗನ ಸಂಗಡ ಹೋಗಿದ್ದ ನಾವಿಕರು ಈ ತುಪ್ಪಟಗಳನ್ನು ರಷ್ಯಕ್ಕೆ ತಂದರು. ಅಂದಿನಿಂದ ಬೇಟೆ ಮೊದಲಾಯಿತು. 1911ರಲ್ಲಿ ನಾಲ್ಕು ರಾಷ್ಟ್ರಗಳು ಒಪ್ಪಂದ ಮಾಡಿಕೊಂಡು ಅದನ್ನು ತಡೆಯುವ ವೇಳೆಗೆ, ಉಳಿದುವು ಎರಡು ಸಾವಿರಕ್ಕೆ ಮೀರಿರಲಿಲ್ಲವೆಂದು ಅಂದಾಜು. ರಕ್ಷಣೆ ದೊರೆತಲ್ಲಿ ಅವು ಮತ್ತೆ ಹೆಚ್ಚಿದುವು.

ನಮ್ಮ ಕಡಲಿನಲ್ಲಿ ಆ ಜಾತಿಯಿಲ್ಲ. ಆದರೆ ಅದರ ದಾಯಾದಿ ನಮ್ಮ ಹೊಳೆಗಳಲ್ಲಿಯೇ ಇದೆ. ನುಣುಪು ತುಪ್ಪಟದ ನೀರುನಾಯಿಯು ಕಾವೇರಿ, ತುಂಗಭದ್ರೆಗಳಲ್ಲಿ ಸಂಸಾರಸಮೇತವಾಗಿ ಮೀನು ಹಿಡಿಯುವುದನ್ನು ಕಾಣಬಹುದು. ಮುದ್ಲಾಪುರದಿಂದ ಕಂಪ್ಲಿಯವರೆಗೆ ತುಂಗಭದ್ರೆಯ 34 ಕಿಲೋಮೀಟರು ಹರಹನ್ನು 2015ರಲ್ಲಿ ಸರ್ಕಾರವು ಇದಕ್ಕಾಗಿ ಸಂರಕ್ಷಿತ ಪ್ರದೇಶವನ್ನಾಗಿ ಸಾರಿತು. ಆದರೂ ಮರಳು ತೆಗೆಯುವುದರಿಂದ ಇದರ ಬಿಲಗಳಿಗೆ ದಡವಿಲ್ಲವಾಗುವುದು. ಸಿಡಿಮದ್ದು ಹಾಕಿ ಮೀನು ಹಿಡಿದರಂತೂ ಮರಿಮೀನೂ ಉಳಿಯದು. ಬಂಡೆಯ ಮೇಲೆ ಆ ಮದ್ದಿನ ಬಲವೆಷ್ಟೆಂಬುದನ್ನು ಗಣಿಯವರು ಬಲ್ಲರು, ನೀರಿನಲ್ಲಿ ಅದರ ಹಾವಳಿಯನ್ನು ಊಹಿಸಿಕೊಳ್ಳಬಹುದು.

ಅಗೆದು ತೆಗೆದ ಚಿನ್ನ ಮತ್ತೆ ಬೆಳೆಯದು. ಹೊಳೆಯ ಈ ಚಿನ್ನವಾದರೋ, ನಾವು ಕೈ ತಡೆದರೆ ಮರಿಯಿಟ್ಟು ಹೆಚ್ಚುವುದು. ಕೈ ತಡೆಯುವುದಷ್ಟೆ ನಮ್ಮ ಪಾಲಿನ ಕೆಲಸ.